ಗಂಗುಲಣ್ಣನ ಮೀನುಮನೆ

ಯಾರಾದರೂ ಮಾತಾಡಿಸಿದರೆ ಗಂಗುಲಣ್ಣ ಬಲಗಿವಿಯನ್ನು ಅವರತ್ತ ಚಾಚಿ, ತಲೆ ಬಗ್ಗಿಸಿ, ನೆಲ ನೋಡುತ್ತಾ ನಿಲ್ಲುತ್ತಿದ್ದ. ಹೊಸದಾಗಿ ಬಂದ ಸಾಹೇಬರು ಇದನ್ನು ವಿನಯವೆಂದು ತಿಳಿಯುತ್ತಿದ್ದರು. ಅವನು ಬಾಯಿ ತೆರೆದ ಮೇಲೆ ಆ ಭ್ರಮೆ ಉಳಿಯುತ್ತಿರಲಿಲ್ಲ. ಗಣಿಯ ತಳದ ನೀರುಗುಂಡಿಯಲ್ಲಿ ಮುಳುಗಿ ಮುಳುಗಿ ಅವನ ಎಡಗಿವಿಯ ತಮಟೆ ಒಡೆದುಹೋಗಿತ್ತು. ತನಗೆ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡುವುದು ಅವನ ಅಭ್ಯಾಸ. ಹಾಗೆ ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ಬೈಗುಳ.

ನಾನಾಗ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಮದುವೆಯಾಗಿ ಎರಡು ವರ್ಷವಾಗಿತ್ತು, ಗಣಿ ಕೆಲಸಗಾರರ ಸಾಲುಮನೆಗಳಿದ್ದ ಊರಿಗಾಂ ಲೈನಿನಲ್ಲಿ ಒಂದು ಕೋಣೆಯ ಮನೆ ಸಿಕ್ಕಿತ್ತು. ಗಂಗುಲಣ್ಣ ನನಗಿಂತ ಹದಿನೈದು ವರ್ಷ ದೊಡ್ಡವನು, ಕಾಮಸಮುದ್ರದ ಆಚೆಯ ಹಳ್ಳಿಯವನು. ಶಾಫ್ಟಿನ ತಳದಲ್ಲಿ ನೀರು ಎತ್ತುವ ಪಂಪಿನ ಬಾಯಿಗೆ ಕಸ ಕಟ್ಟಿಕೊಂಡರೆ ಆ ಕಪ್ಪು ನೀರಿಗೆ ಇಳಿದು ಬಿಡಿಸುವುದು ಅವನ ಕೆಲಸ. ಹಳ್ಳಿಯ ಬಾವಿಗಳಲ್ಲಿ ಬಿಂದಿಗೆ ಹುಡುಕಿ ಕಲಿತ ವಿದ್ಯೆ ಅದು. ಮುಂದೆ ಅವನನ್ನು ಗಣಿಯ ರಕ್ಷಣಾ ತಂಡಕ್ಕೂ ಸೇರಿಸಿಕೊಂಡಿದ್ದರು.

ನಮ್ಮ ಮೊದಲ ಭೇಟಿಯೂ ಬೈಗುಳದಿಂದಲೇ. ಪಂಪಿನ ಬಾಯಿಗೆ ಹಾಕುವ ಕಬ್ಬಿಣದ ಜಾಲರಿಯೊಂದನ್ನು ತಂದು ನನ್ನ ಮೇಜಿನ ಮೇಲೆ ಎಸೆದ. ಅವನ ಅಂಗೈಯಲ್ಲಿ ಉದ್ದಕ್ಕೆ ಸೀಳಿದ ಗಾಯವಿತ್ತು. ಕಣ್ಣು ಮುಚ್ಚಿಕೊಂಡು ಜಾಲರಿಯ ಮೇಲೆ ಕೈಯಾಡಿಸು ಎಂದ. ಆಡಿಸಿದೆ. ತೂತು ಕೊರೆದ ಮೇಲೆ ಅಂಚು ಉಜ್ಜಲು ನಾನು ಸೋಮಾರಿತನ ಮಾಡಿದ್ದೆ. ಬೆರಳು ಚುರ್ ಎಂದಿತು.

"ನಿಂಗೆ ಇಲ್ಲಿ ಲೈಟೈತೆ ಕಣ್ಲಾ," ಎಂದ. "ಕೆಳಗೆ ನಂಗೆ ಕೈಯೇ ಕಣ್ಣು. ನನ್ನ ಕಣ್ಣಿಗೆ ಮುಳ್ಳು ಇಕ್ತೀಯಾ?"

ಇಡೀ ವರ್ಕ್‌ಶಾಪು ಕೆಲಸ ನಿಲ್ಲಿಸಿ ನೋಡುತ್ತಿತ್ತು. ಅವನು ಹೋಗಲಿಲ್ಲ. ನಾನು ಒಂದೊಂದು ತೂತನ್ನೂ ಅರದಿಂದ ಉಜ್ಜಿ ಮುಗಿಸುವ ತನಕ ಪಕ್ಕದಲ್ಲೇ ಕೂತಿದ್ದು, ಗಾಯದ ಕೈಯಿಂದಲೇ ತಡವಿ ನೋಡಿ ತೆಗೆದುಕೊಂಡು ಹೋದ. ಸಂಜೆ ಏನೂ ಆಗಿಲ್ಲವೆಂಬಂತೆ ನಮ್ಮ ಮನೆ ಹುಡುಕಿಕೊಂಡು ಬಂದು ಕಾಫಿ ಕೇಳಿದ. ಬೈದವರ ಮನೆಗೆ ಅದೇ ದಿನ ಹೋಗಿ ಕಾಫಿ ಕುಡಿಯುವುದು ಅವನ ಕ್ರಮವೆಂದು ಆಮೇಲೆ ತಿಳಿಯಿತು. ಅವನು ಬೈಯದೆ ಬಿಟ್ಟವರಿಗೆ ಅವನ ಸ್ನೇಹವೂ ಇರಲಿಲ್ಲ.

ಅವನ ಅತಿ ದೊಡ್ಡ ಕೋಪ ಗಣಿಯ ಮೇಲಿನದಲ್ಲ, ತನ್ನೂರಿನ ಕೆರೆಯ ಮೀನಿನ ಗುತ್ತಿಗೆದಾರನ ಮೇಲಿನದು. ಬಂಗಾರಪೇಟೆಯ ಆ ಮನುಷ್ಯ ವರ್ಷ ವರ್ಷವೂ ಹರಾಜು ಹಿಡಿದು, ಸಣ್ಣ ಕಣ್ಣಿನ ಬಲೆಯಿಂದ ಕೆರೆಯನ್ನು ಗುಡಿಸಿಬಿಡುತ್ತಿದ್ದ. ಉಗುರುದ್ದದ ಮರಿಯನ್ನೂ ಬಿಡುತ್ತಿರಲಿಲ್ಲ. ಊರಿನ ಹೆಂಗಸರು ದಡದಲ್ಲಿ ಗಾಳ ಹಾಕಿದರೆ ಅವನ ಆಳುಗಳು ಗಾಳದ ಕಡ್ಡಿ ಮುರಿದು ಹಾಕುತ್ತಿದ್ದರು. ಊರಿನ ಯಜಮಾನರು ನೋಡಿಯೂ ನೋಡದವರಂತೆ ಇರುತ್ತಿದ್ದರು. ಹೀಗೆ ಗಾಳ ಮುರಿಸಿಕೊಂಡವರಲ್ಲಿ ಗಂಗುಲಣ್ಣನ ಹೆಂಡತಿ ಅಕ್ಕಯ್ಯಮ್ಮನೂ ಒಬ್ಬಳು. ಅವಳು ಹೊಲ ನೋಡಿಕೊಂಡು ಊರಲ್ಲೇ ಇದ್ದಳು.

ಒಂದು ಬೇಸಿಗೆ ಕೆರೆ ಮುಕ್ಕಾಲು ಬತ್ತಿತ್ತು. ವರ್ಕ್‌ಶಾಪಿನ ಹಿಂದೆ, ಅದಿರು ತುಂಬುತ್ತಿದ್ದ ಕಬ್ಬಿಣದ ತೊಟ್ಟಿಗಾಡಿಗಳು ಚಕ್ರ ಮುರಿದು ತುಕ್ಕು ಹಿಡಿದು ಬಿದ್ದಿದ್ದವು. ಗಂಗುಲಣ್ಣ ಅರ್ಜಿ ಕೊಟ್ಟು, ಜಗಳವಾಡಿ, ಅವುಗಳಲ್ಲಿ ಹನ್ನೊಂದನ್ನು ಗುಜರಿಯೆಂದು ಬರೆಸಿಕೊಂಡು ಎತ್ತಿನ ಗಾಡಿಗಳಲ್ಲಿ ಊರಿಗೆ ಸಾಗಿಸಿದ. ತೂಬಿನ ಬಳಿಯ ಆಳದಲ್ಲಿ ಅವನ್ನು ಒಂದರ ಮೇಲೊಂದು ಮಗ್ಗುಲಾಗಿ ಮಲಗಿಸಿ, ಸಂದಿಗಳಲ್ಲಿ ಜಾಲಿಮುಳ್ಳು ತುರುಕಿ, ಕಲ್ಲು ಹೇರಿದ. ಊರವರು ನಕ್ಕರು. ಬಲೆ ಬಂದರೆ ಹರಿಯುತ್ತೆ, ಮೀನಿಗೆ ಮರಿ ಮಾಡೋಕೆ ಮನೆ ಆಗುತ್ತೆ ಎಂದು ಅವನು ಹೇಳಿದ್ದನ್ನು ಹೆಂಗಸರು ಮಾತ್ರ ಕೇಳಿಸಿಕೊಂಡರು.

ಮಳೆಗಾಲದಲ್ಲಿ ಕೆರೆ ತುಂಬಿತು. ಎರಡನೇ ವರ್ಷಕ್ಕೆ ತೂಬಿನ ಬಳಿ ಗಾಳ ಹಾಕಿದವರಿಗೆ ಮೊಳದುದ್ದದ ಕೊರವ ಮೀನು ಸಿಗತೊಡಗಿತು. ಗುತ್ತಿಗೆದಾರನ ಬಲೆ ಎರಡು ಸಲ ಹರಿಯಿತು.

ತಾನು ಕಟ್ಟಿದ ಮೀನುಮನೆಯನ್ನು ಒಳಗಿಂದ ನೋಡಬೇಕೆಂಬ ಹಟ ಗಂಗುಲಣ್ಣನಿಗೆ ಹಿಡಿಯಿತು. ಉಸಿರು ಕಟ್ಟಿ ಮುಳುಗಿದರೆ ಎರಡು ನಿಮಿಷ. ಅಷ್ಟರಲ್ಲಿ ಏನು ಕಂಡೀತು? ಗಣಿಯಲ್ಲಿ ಹೊಗೆ ತುಂಬಿದಾಗ ರಕ್ಷಣಾ ತಂಡದವರು ತೊಡುವ ಉಸಿರಿನ ಸೆಟ್ಟೊಂದು ಕೆಲಸಕ್ಕೆ ಬಾರದೆಂದು ಹೊರಗೆ ಬಿದ್ದಿತ್ತು. ಬೆನ್ನಿಗೆ ಆಮ್ಲಜನಕದ ಸಿಲಿಂಡರ್, ಎದೆಗೆ ರಬ್ಬರ್ ಚೀಲ, ಬಾಯಿಗೆ ಕೊಳವೆ, ಮೂಗಿಗೆ ಚಿಮಟ. ಯಾರಿಗೂ ಹೇಳದೆ ಅದನ್ನು ಗೋಣಿಯಲ್ಲಿ ಸುತ್ತಿ ನನ್ನ ಮನೆಗೆ ತಂದ. ಮೂರು ತಿಂಗಳು ನಾನು ಸಂಜೆ ಸಂಜೆ ಕೂತು ಅದನ್ನು ರಿಪೇರಿ ಮಾಡಿದೆ. ಟೋಪಿಗೆ ಸಿಕ್ಕಿಸುವ ಗಣಿ ಲ್ಯಾಂಪಿಗೆ ನೀರು ಹೋಗದಂತೆ ಸೈಕಲ್ ಟ್ಯೂಬು ಸುತ್ತಿ ಮೇಣ ಬಳಿದೆ. ಕೆಲಸ ಮುಗಿದ ದಿನ ಅವನು ಸೆಟ್ಟನ್ನು ನನ್ನ ಕೊರಳಿಗೇ ಹಾಕಿದ.

"ನೀನು ಮಾಡಿದ್ದು ತಾನೇ? ಮೊದ್ಲು ನೀನು ಉಸುರಾಡು."

ಹಾಗಾಗಿ ಆ ಮೀನುಮನೆಗೆ ಮೊದಲು ಇಳಿದವನು ನಾನು. ಇಳಿದಿದ್ದು ರಾತ್ರಿ. ಹಗಲೆಲ್ಲ ಎಮ್ಮೆಗಳು ಮಿಂದು ನೀರು ಕದಡಿರುತ್ತಿತ್ತು, ಕತ್ತಲಾದ ಮೇಲೇ ಕೆಸರು ತಳ ಸೇರುತ್ತಿದ್ದದ್ದು. ಗಂಗುಲಣ್ಣ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ದಡದಲ್ಲಿ ಕೂತ. ಒಂದು ಸಲ ಎಳೆದರೆ ಸರಿ, ಮೂರು ಸಲ ಎಳೆದರೆ ಮೇಲೆತ್ತಬೇಕು. ಎರಡಾಳು ನೀರು. ಎದೆಯ ಚೀಲ ಉಬ್ಬಿ ಕುಗ್ಗುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಲ್ಯಾಂಪಿನ ಬೆಳಕು ಹಸಿರಾಗಿ ಎರಡು ಗಜ ಮಾತ್ರ ಹೋಗುತ್ತಿತ್ತು. ಆ ಬೆಳಕಿನಲ್ಲಿ, ನನ್ನ ವರ್ಕ್‌ಶಾಪಿನ ಹಿಂದೆ ದಿನಾ ನೋಡುತ್ತಿದ್ದ ಹಳೇ ತೊಟ್ಟಿಗಳು ಪಾಚಿಯ ಕಂಬಳಿ ಹೊದ್ದು ಕೂತಿದ್ದವು. ಒಂದರ ಬಾಯಲ್ಲಿ ಬೆಳಕು ಬಿಟ್ಟೆ. ನನ್ನ ತೋಳುದ್ದದ ಕೊರವ ಮೀನೊಂದು ಅಲುಗಾಡದೆ ನಿಂತಿತ್ತು. ಅದರ ಮುಂದೆ ಕೆಂಪು ಮರಿಗಳ ಹಿಂಡು, ಕುಂಕುಮ ಕದಡಿದ ಹಾಗೆ. ತಾಯಿ ಮರಿಗಳಿಗೂ ನನಗೂ ನಡುವೆ ಬಂದು ನಿಂತು ನನ್ನನ್ನೇ ನೋಡಿತು. ನಾನು ಹಿಂದೆ ಸರಿದೆ.

ಮೇಲೆ ಬಂದು ಹೇಳಿದಾಗ ಗಂಗುಲಣ್ಣ ನನ್ನ ಬಾಯಿಂದ ಅದನ್ನೇ ಮೂರು ಸಲ ಹೇಳಿಸಿದ. ಆಮೇಲೆ ತಾನೂ ಇಳಿದ. ಆ ಚಳಿಗಾಲ ಪ್ರತಿ ರಜೆಯ ಹಿಂದಿನ ದಿನ ನಾವು ಬಸ್ಸು ಹತ್ತಿ ಹೋಗುತ್ತಿದ್ದೆವು. ಅವನು ಬೈಯದೆ ಇರುತ್ತಿದ್ದದ್ದು ನೀರಿನಿಂದ ಎದ್ದುಬಂದ ಆ ಅರ್ಧ ಗಂಟೆ ಮಾತ್ರ.

ಇಲ್ಲಿಂದ ಮುಂದಿನದನ್ನು ಬರೆಯುವಾಗ ಇವತ್ತಿಗೂ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ.

ಬಲೆ ಹರಿಸಿಕೊಂಡ ಗುತ್ತಿಗೆದಾರ ಬಂಡೆ ಸಿಡಿಸುವ ತೋಟಾ ತರಿಸಿದ. ಬತ್ತಿ ಹಚ್ಚಿ ಮೀನುಮನೆಯ ಮೇಲೆ ಎಸೆಸಿದ. ಸುದ್ದಿ ಕೇಳಿ, ರಜೆಗೂ ಕಾಯದೆ ನಾವು ಹೋದ ಸಂಜೆ ಕೆರೆಯ ತುಂಬ ಬಿಳಿ ಹೊಟ್ಟೆ ಮೇಲಾಗಿ ಮೀನು ತೇಲುತ್ತಿದ್ದವು. ದೊಡ್ಡವನ್ನು ಆರಿಸಿಕೊಂಡು ಹೋಗಿದ್ದರು, ಸಣ್ಣವನ್ನು ಕಾಗೆಗೆ ಬಿಟ್ಟಿದ್ದರು. ಅಕ್ಕಯ್ಯಮ್ಮ ಇನ್ನೊಂದು ಸುದ್ದಿ ಹೇಳಿದಳು. ಎಸೆದದ್ದು ಐದು, ಸಿಡಿದದ್ದು ಎರಡೇ. ಅವಳು ದಡದಲ್ಲಿ ನಿಂತು ಎಣಿಸಿದ್ದಳು.

ಬೆಳಗಾದರೆ ಊರಿನ ಹೆಂಗಸರೆಲ್ಲ ತೂಬಿನ ಕಲ್ಲುಗಳ ಮೇಲೆ ಬಟ್ಟೆ ಒಗೆಯಲು ಬರುತ್ತಾರೆ, ಎಮ್ಮೆಗಳು ಇಳಿಯುತ್ತವೆ. ಗಂಗುಲಣ್ಣ ಯಜಮಾನರ ಮನೆಗೆ ಹೋಗಿ ಕೂಗಾಡಿದ. ನಾಳೆ ನೋಡೋಣ ಎಂದರು. ಅವನು ವಾಪಸು ಬಂದು ಸೆಟ್ಟು ಕಟ್ಟಿಕೊಂಡ. ನಾನು ಬೇಡ ಎಂದೆ. ಮೊದಲು ಗಣಿಯಲ್ಲಿ ತೋಟಾ ಸಿಡಿಸುವ ಕೆಲಸದಲ್ಲೇ ಇದ್ದವನು ನಾನು, ಗೊತ್ತು ಬಿಡು ಎಂದು ಹಗ್ಗವನ್ನು ನನ್ನ ಕೈಗೆ ಕೊಟ್ಟ.

ಅವನ ಲ್ಯಾಂಪು ನೀರೊಳಗೆ ಮಸುಕು ಹಸಿರಾಗಿ ಚಲಿಸುವುದು ಕಾಣುತ್ತಿತ್ತು. ಆಗಾಗ ತೊಟ್ಟಿಯೊಳಗೆ ಹೊಕ್ಕಾಗ ಆರಿಹೋದ ಹಾಗೆ ಆಗುತ್ತಿತ್ತು. ಅಕ್ಕಯ್ಯಮ್ಮ ನನ್ನ ಪಕ್ಕ ಕೂತು ಅದೇ ಹಗ್ಗ ಹಿಡಿದಿದ್ದಳು. ಮೂರು ಸಲ ಇಳಿದ, ಮೂರು ತೋಟಾ ತಂದ. ಒಂದೊಂದರಿಂದಲೂ ಸಿಡಿಸುವ ಕೇಪನ್ನು ಮೆಲ್ಲಗೆ ಎಳೆದು ಬೇರೆಯಿಟ್ಟ. ಕೊನೆಗೆ ಮೇಲೆ ಬಂದು ಬಾಯಿಂದ ಕೊಳವೆ ಕಿತ್ತು ಹೇಳಿದ:

"ತಾಯಿಗಳೆಲ್ಲ ತೊಟ್ಟಿ ಒಳಗೇ ಸತ್ತವೆ. ಒಂದೂ ಮರಿ ಬಿಟ್ಟು ಓಡಿಲ್ಲ."

ತೋಟಾಗಳ ಮೇಲೆ ನಮ್ಮ ಗಣಿಯ ಗುರುತಿತ್ತು. ಅಂದರೆ ತೋಟಾ ಕೂಡಿಡುವ ಮದ್ದಿನ ಮನೆಯಿಂದಲೇ ಯಾರೋ ಮಾರಿದ್ದರು. ಅವನ್ನು ನೀರು ತುಂಬಿದ ಮಡಕೆಯಲ್ಲಿಟ್ಟು, ಕೇಪುಗಳನ್ನು ಬೇರೆ ಬಟ್ಟೆಯಲ್ಲಿ ಸುತ್ತಿ, ಜನ ಕೂತಿರುವ ಬಸ್ಸಿನಲ್ಲಿ ಇದನ್ನು ಒಯ್ಯಬಾರದೆಂದು ಗಂಗುಲಣ್ಣ ಗಣಿಯ ತನಕ ನಡೆದೇ ಹೋದ. ನಾನು ಸೆಟ್ಟನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋದೆ, ನನಗೆ ಬೆಳಗಿನ ಪಾಳಿ ಇತ್ತು. ಅವನು ಮಡಕೆಯನ್ನು ಮದ್ದಿನ ಮನೆಯ ಅಧಿಕಾರಿಯ ಮುಂದಿಟ್ಟು, ಇದು ನಿಮ್ಮ ಮನೆಯಿಂದ ಹೋದದ್ದು, ಹೇಗೆ ಹೋಯಿತು ಎಂದು ಕೇಳಿದ. ಅವನ ದನಿ ಹೊರಗಿನ ರಸ್ತೆಗೂ ಕೇಳಿಸಿರಬೇಕು.

ನಾಲ್ಕನೇ ದಿನ ವಿಚಾರಣೆ. ಕಳ್ಳನೆಂದು ನಿಲ್ಲಿಸಿದ್ದು ಗಂಗುಲಣ್ಣನನ್ನೇ. ತೋಟಾ ಕದ್ದು ಮೀನು ಹೊಡೆದವನು ಇವನೇ, ಉಳಿದದ್ದನ್ನು ತಂದು ನಾಟಕ ಆಡುತ್ತಿದ್ದಾನೆ ಎಂದು ಆ ಅಧಿಕಾರಿ ಬರೆದುಕೊಟ್ಟಿದ್ದ. ಊರಿನ ಯಜಮಾನರು ಗುತ್ತಿಗೆದಾರನ ಪರ ಹೆಬ್ಬೆಟ್ಟು ಒತ್ತಿದ್ದರು. ರಾತ್ರಿ ಹೊತ್ತು ಕೆರೆಯ ತಳದಿಂದ ತೋಟಾ ಹುಡುಕಿ ತರುವುದು ಯಾವ ಮನುಷ್ಯನಿಂದಲೂ ಆಗದು ಎಂದರು ವಿಚಾರಣೆಗೆ ಕೂತ ಸಾಹೇಬರು. ಸೆಟ್ಟು ಹಾಕಿಕೊಂಡು ಇಳಿದೆ ಎಂದ ಅವನು. ರಿಪೇರಿ ಯಾರು ಮಾಡಿದರು? ನಾನೇ ಎಂದ. ಈಗ ಎಲ್ಲಿದೆ? ಕೆರೆಗೆ ಬಿಸಾಕಿದೆ. ಹಗ್ಗ ಹಿಡಿದವರು ಯಾರು? ನನ್ನ ಹೆಂಡ್ತಿ. ಹೆಂಡತಿಯ ಸಾಕ್ಷಿ ನಡೆಯುವುದಿಲ್ಲ ಎಂದರು.

ಸೆಟ್ಟು ಆಗ ನನ್ನ ಮಂಚದ ಕೆಳಗಿತ್ತು. ನಾನು ಅದೇ ಕೋಣೆಯಲ್ಲಿ, ಅವನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ವರ್ಕ್‌ಶಾಪಿನವನೆಂದು ನನ್ನನ್ನು ಕರೆಸಿದ್ದರು. ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ: ಕೆಟ್ಟುಹೋದ ಅಂಥ ಸೆಟ್ಟನ್ನು ಸರಿ ಮಾಡಿ ನೀರಿನಡಿ ಉಸಿರಾಡಲು ಆಗುತ್ತದೆಯೇ? ನಾನು ಮಾಡಿದೆ ಎನ್ನಬೇಕಾಗಿರಲಿಲ್ಲ. ಇಳಿದೆ ಎನ್ನಬೇಕಾಗಿರಲಿಲ್ಲ. ಆಗುತ್ತದೆ ಎಂಬ ಒಂದು ಮಾತು ಸಾಕಿತ್ತು.

"ಗೊತ್ತಿಲ್ಲ ಸಾರ್," ಎಂದೆ.

ಗಂಗುಲಣ್ಣ ಬಲಗಿವಿ ಚಾಚಿ ನೆಲ ನೋಡುತ್ತಿದ್ದ. ತಲೆ ಎತ್ತಲಿಲ್ಲ.

ಅವನನ್ನು ಕೆಲಸದಿಂದ ತೆಗೆದರು. ಪೊಲೀಸಿಗೆ ಕೊಡಲಿಲ್ಲ, ಕೊಟ್ಟಿದ್ದರೆ ಮದ್ದಿನ ಮನೆಯ ಲೆಕ್ಕ ಹೊರಗೆ ಬರುತ್ತಿತ್ತು. ಅಷ್ಟು ಬುದ್ಧಿ ಅವರಿಗಿತ್ತು. ವಾರದೊಳಗೆ ಮನೆ ಬಿಡು ಎಂದರು. ಆ ಸೆಟ್ಟನ್ನು ನಾನು ಚೂರು ಚೂರು ಮಾಡಿ ಚಿನ್ನ ತೆಗೆದು ಬಿಸಾಡಿದ ಪುಡಿಮಣ್ಣಿನ ಸೈನೈಡ್ ದಿಬ್ಬದ ಹಿಂದೆ ಹೂತುಬಿಟ್ಟೆ.

ಊರಿಗೆ ಹೋದವನು ಸುಮ್ಮನೆ ಕೂರಲಿಲ್ಲ ಎಂದು ಆಮೇಲೆ ಕೇಳಿದೆ. ಮುಂದಿನ ವರ್ಷ ಗುತ್ತಿಗೆದಾರನ ಆಳುಗಳು ಮತ್ತೆ ತೋಟಾ ತಂದಾಗ ಅವನು ಕತ್ತಿನ ತನಕದ ನೀರಿನಲ್ಲಿ ಹೋಗಿ ನಿಂತನಂತೆ. ಅವನ ಹಿಂದೆ ಅಕ್ಕಯ್ಯಮ್ಮ, ಅವಳ ಹಿಂದೆ ಸೀರೆ ಎತ್ತಿ ಕಟ್ಟಿದ ಇಪ್ಪತ್ತು ಹೆಂಗಸರು. ಈಗ ಎಸೆಯಿರಿ ಎಂದರಂತೆ. ಬತ್ತಿ ಹಚ್ಚುವ ಧೈರ್ಯ ಯಾರಿಗೂ ಬರಲಿಲ್ಲ. ಆ ಗುತ್ತಿಗೆದಾರ ಮತ್ತೆ ಆ ಕೆರೆಯ ಹರಾಜಿಗೆ ಬರಲಿಲ್ಲ.

ಕೊನೆಯ ಸಲ ಅವನನ್ನು ನೋಡಿದ್ದು ಆರೇಳು ವರ್ಷದ ಮೇಲೆ, ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ. ತಲೆ ನೆರೆತಿತ್ತು. ಬಾವಿ ತೋಡುವ ಹಗ್ಗದ ಸುರುಳಿ ಹೆಗಲಲ್ಲಿತ್ತು. ನಾನು ತಪ್ಪಿಸಿಕೊಂಡು ಹೋಗಬಹುದಿತ್ತು. ಹೋಗದೆ, ಅವನ ಬಲಗಡೆಗೆ ನಿಂತು, ಅವತ್ತು ಆ ಒಂದು ಮಾತು ಹೇಳಬೇಕಾಗಿತ್ತು ಅಣ್ಣಾ, ತಪ್ಪಾಯಿತು ಎಂದೆ. ಸುತ್ತಲಿನ ಜನ ತಿರುಗಿ ನೋಡುವ ಹಾಗೆ ಬೈಯುತ್ತಾನೆಂದು ಕಾದೆ. ಅದಕ್ಕೇ ಆಸೆಪಟ್ಟಿದ್ದೆನೋ ಏನೋ. ಅವನ ದನಿ ಏರಲಿಲ್ಲ.

"ನೀನು ಯೇಳಿದ್ರೆ ನಿನ್ ಕೆಲ್ಸಾನೂ ಓಗ್ತಿತ್ತು. ಯೇಳ್ಲೋ ಬ್ಯಾಡ್ವೋ ಅಂತ ಬಂದು ಕೇಳಿದ್ದಿದ್ರೆ ನಾನೇ ಬ್ಯಾಡ ಅಂತಿದ್ದೆ ಕಣ್ಲಾ," ಎಂದ. "ನೀನು ಕೇಳೋಕೇ ಬರ್ಲಿಲ್ಲ."

ಕಾಮಸಮುದ್ರದ ಬಸ್ಸು ಬಂತು. ಹಗ್ಗದ ಸುರುಳಿಯನ್ನು ಮೊದಲು ಒಳಗೆ ಹಾಕಿ, ತಾನೂ ಹತ್ತಿಕೊಂಡು ಹೊರಟುಹೋದ. ಮರುವರ್ಷ ಜ್ವರದಲ್ಲಿ ತೀರಿಕೊಂಡನೆಂದು ಅವನ ಊರಿನವರೊಬ್ಬರು ಹೇಳಿದರು.

ವಿಚಾರಣೆಯ ಹಿಂದಿನ ಮೂರು ದಿನ, ಮುಂದಿನ ಏಳು ದಿನ ಅವನು ಊರಿಗಾಂ ಲೈನಿನಲ್ಲೇ ಇದ್ದ. ನನ್ನ ಮನೆಗೆ ಮೂರು ಸಾಲು ಆಚೆ. ದಿನಾ ಸಂಜೆ ಬಾಗಿಲು ತೆರೆದಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಿರುತ್ತಿದ್ದನೆಂದು ನನ್ನ ಹೆಂಡತಿ ನೀರಿಗೆ ಹೋಗಿ ಬಂದಾಗಲೆಲ್ಲ ಹೇಳುತ್ತಿದ್ದಳು.