ಖಂಡೆ ಪೂಜೆಯ ಬಾಸ್ಕೆಟ್‌ಬಾಲ್

2022ರ ಶ್ರಾವಣದ ಹೊತ್ತಿಗೆ ಗಜೇಂದ್ರಗಡದಲ್ಲಿ ನನ್ನ ಟಿ.ವಿ. ರಿಪೇರಿ ಅಂಗಡಿ ಇನ್ನೂ ಇತ್ತು. ನಡೆಯುತ್ತಿತ್ತು ಅನ್ನಲಾರೆ, ಮುಚ್ಚಲು ಮನಸ್ಸಾಗದೆ ತೆರೆದಿಟ್ಟಿದ್ದೆ. ಪಿಕ್ಚರ್ ಟ್ಯೂಬಿನ ಕಾಲ ಮುಗಿದಿತ್ತು. ಈಗಿನ ತೆಳು ಟಿ.ವಿ. ಕೆಟ್ಟರೆ ಜನ ಹೊಸದನ್ನೇ ತರುತ್ತಾರೆ. ನನ್ನಲ್ಲಿಗೆ ಬರುತ್ತಿದ್ದವರು ಒಂದೋ ಮಿಕ್ಸರ್ ಹಿಡಿದವರು, ಇಲ್ಲವೇ ಹರಟೆಗೆ ಕೂರುವವರು.

ಅಂಥ ಒಂದು ಮಧ್ಯಾಹ್ನ ರೋಣದಿಂದ ಈರಪ್ಪ ಎಂಬ ವ್ಯಾಪಾರಸ್ಥರು ಬಂದರು. ಅಣ್ಣ ಮಲ್ಲಪ್ಪನವರ ಜೊತೆ ಹತ್ತಿ, ಕಡಲೆಯ ದಲಾಲಿ ಅಂಗಡಿ ನಡೆಸುವವರು. ಚಪ್ಪಲಿ ಬಿಟ್ಟು ಒಳಗೆ ಬಂದು, ಕೆಂಪು ವಸ್ತ್ರದಲ್ಲಿ ಸುತ್ತಿದ್ದ ಗಂಟನ್ನು ಮೇಜಿನ ಮೇಲಿಟ್ಟರು. ದೇವರ ಪೆಟ್ಟಿಗೆ ಇರಬೇಕು, ಬೀಗ ಕೆಟ್ಟಿರಬೇಕು ಅಂದುಕೊಂಡೆ. ಬಿಚ್ಚಿದರೆ ಹಳೇ ವಿಡಿಯೋ ಗೇಮ್!

ಟಿ.ವಿ.ಗೆ ಜೋಡಿಸಿ ಮನೆಯಲ್ಲಿ ಆಡುವ ಯಂತ್ರಗಳಲ್ಲಿ ಮೊದಮೊದಲಿನದು. ಅದರ ಮೇಲೊಂದು ಸೀಳು. ಆ ಸೀಳಿಗೆ ಕಾರ್ಟ್ರಿಜ್ ಎಂಬ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿಸಬೇಕು. ಆಟ ಇರುವುದು ಆ ಡಬ್ಬಿಯೊಳಗಿನ ಚಿಪ್‌ನಲ್ಲಿ. ಇವರ ಹತ್ತಿರ ಇದ್ದದ್ದು ಒಂದೇ ಡಬ್ಬಿ, ಬಾಸ್ಕೆಟ್‌ಬಾಲ್. ಮುಂಬಯಿಯಲ್ಲಿದ್ದ ಸೋದರಮಾವ ತಂದುಕೊಟ್ಟದ್ದಂತೆ. ಹರೆಯದಲ್ಲಿ ಅಣ್ಣತಮ್ಮಂದಿರು ಅಂಗಡಿ ಮುಚ್ಚಿದ ಮೇಲೆ ಮಹಡಿಯ ಮೇಲೆ ದಿನಾ ಆಡುತ್ತಿದ್ದರು. ತೆರೆಯ ಮೇಲೆ ಕಡ್ಡಿಯಂಥ ಇಬ್ಬರು ಆಟಗಾರರು, ಎರಡು ಬುಟ್ಟಿ, ಚೌಕನೆಯ ಒಂದು ಚೆಂಡು. ಅಷ್ಟೇ.

ಇದನ್ನು ರಿಪೇರಿ ಮಾಡಿಸಿ ಏನು ಮಾಡುತ್ತೀರಿ ಎಂದು ಕೇಳಿದೆ. ನನ್ನ ದನಿಯಲ್ಲಿ ನಗು ಇತ್ತು.

“ಅಣ್ಣಗ ಲಕ್ವಾ ಹೊಡದೈತ್ರಿ. ಬಲಗೈ ಏಳವಲ್ದು. ಅದರ ಸಲುವಾಗಿ ಬಂದೀನಿ,” ಅಂದರು.

ನನ್ನ ನಗು ಅಲ್ಲಿಗೇ ನಿಂತಿತು. ಗದಗಿನ ದವಾಖಾನೆಯಲ್ಲಿ, ಕೈಗೆ ಕೆಲಸ ಕೊಟ್ಟರೆ ಮಾತ್ರ ಅದು ತಿರುಗಿ ಬಂದೀತು, ಸುಮ್ಮನಿಟ್ಟರೆ ಹಾಗೇ ಉಳಿದೀತು ಎಂದಿದ್ದರು. ಹಿಚುಕಲು ರಬ್ಬರ್ ಚೆಂಡು ಕೊಟ್ಟಿದ್ದರು. ಮಲ್ಲಪ್ಪನವರು ಅದನ್ನು ಮುಟ್ಟುತ್ತಿರಲಿಲ್ಲ. ಅರಳೆಯ ಎಳೆ ಹಿಂಜಿ ನೋಡಿ ಧಾರಣೆ ಹೇಳುತ್ತಿದ್ದ ಕೈ ಅದು. ಕೂಸಿನಂತೆ ಚೆಂಡು ಹಿಚುಕುತ್ತ ಕೂರುವುದು ಅವರಿಗೆ ಅವಮಾನವಾಗಿತ್ತು. ಮೊಬೈಲ್‌ನಲ್ಲಿ ಇಂಥ ಆಟ ಸಿಗುತ್ತದಲ್ಲ ಎಂದೆ. ಅದನ್ನೂ ಕೊಟ್ಟು ನೋಡಿದ್ದರಂತೆ, ಎಡಗೈಯಿಂದ ಆಚೆ ಸರಿಸಿಬಿಟ್ಟರಂತೆ.

ಆಡಿಸುವ ಜಾಯ್‌ಸ್ಟಿಕ್ ನೋಡಿದಾಗ ಈರಪ್ಪನವರ ಲೆಕ್ಕಾಚಾರ ನನಗೂ ಹೊಳೆಯಿತು. ಎಡಗೈಯಲ್ಲಿ ಅದರ ಬುಡ ಹಿಡಿದು ಹೆಬ್ಬೆರಳಿನಿಂದ ಗುಂಡಿ ಒತ್ತಬೇಕು. ಬಲಗೈಯಲ್ಲಿ ಕೋಲು ತಿರುಗಿಸಬೇಕು. ಒಂದೇ ಕೈಯಲ್ಲಿ ಆಡುತ್ತೇನೆ ಅಂದರೆ ಆಗದು.

ಸ್ಕ್ರೂ ಬಿಚ್ಚಿದೆ. ಒಳಗೆ ನೋಡಿ ನನಗೆ ಸಿಟ್ಟೇ ಬಂತು. ಕಾರ್ಟ್ರಿಜ್ ಕೂರುವ ಕನೆಕ್ಟರ್‌ನ ತುಂಬ ಕುಂಕುಮ, ಅರಿಷಿಣ, ವಿಭೂತಿ. ತೆಂಗಿನಕಾಯಿಯ ನೀರು ಬಿದ್ದು ಬಿದ್ದು ಎಲ್ಲ ಗಟ್ಟಿಯಾಗಿ, ಹಿತ್ತಾಳೆಯ ಪಿನ್ನುಗಳಿಗೆ ಹಸಿರು ಕಿಲುಬು ಹತ್ತಿತ್ತು. ಇದು ಯಂತ್ರವೋ ಗುಡಿಯೋ ಎಂದು ಕೇಳಿಯೇಬಿಟ್ಟೆ. ಈರಪ್ಪನವರು ತಲೆ ತಗ್ಗಿಸಿದರು. ವ್ಯಾಪಾರ ಬೆಳೆದ ಮೇಲೆ ಆಟ ನಿಂತಿತ್ತು, ಪೂಜೆ ನಿಂತಿರಲಿಲ್ಲ. ಮಹಾನವಮಿಯ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ತಕ್ಕಡಿ, ತೂಕದ ಕಲ್ಲು, ಅರಳೆ ಚೀಲದ ಕೊಕ್ಕೆ, ಇವುಗಳ ಸಾಲಿನಲ್ಲಿ ಇದನ್ನೂ ಇಟ್ಟು, ಸ್ವತಃ ಮಲ್ಲಪ್ಪನವರೇ ವರ್ಷಾ ವರ್ಷಾ ಪೂಜಿಸುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ದೇವರ ಬಾಯನ್ನೇ ಮುಚ್ಚಿಬಿಟ್ಟಿದ್ದ.

ಕೆಲಸ ನಿಧಾನಕ್ಕೆ ಸಾಗಿತು. ಸ್ಪಿರಿಟ್‌ನಲ್ಲಿ ಹಲ್ಲುಜ್ಜುವ ಬ್ರಷ್ ಅದ್ದಿ ಒಂದೊಂದೇ ಪಿನ್ ತಿಕ್ಕಿದೆ. ಬಿಗಿ ಹೋಗಿ ಕುಸಿದ ಪಿನ್ನುಗಳನ್ನು ಸೂಜಿಯಿಂದ ಮೇಲೆತ್ತಿದೆ. ಕಾರ್ಟ್ರಿಜ್‌ನ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿದೆ. ನನ್ನ ಹಳೇ ಟ್ಯೂಬ್ ಟಿ.ವಿ.ಗೆ ಜೋಡಿಸಿದರೆ ಬರೀ ಕಪ್ಪು. ಚಿಪ್ಪೇ ಸುಟ್ಟಿದ್ದರೆ ಇಡೀ ಜಿಲ್ಲೆ ಹುಡುಕಿದರೂ ಬದಲಿ ಸಿಗುತ್ತಿರಲಿಲ್ಲ. ಮರುದಿನ ಪವರ್ ಸ್ವಿಚ್ಚನ್ನೂ ಬಿಚ್ಚಿ ನೋಡಿದೆ. ಅಲ್ಲಿಗೂ ತೀರ್ಥ ಇಳಿದಿತ್ತು. ಅದನ್ನು ಬದಲಿಸಿದ ಮೇಲೆ ಕಡ್ಡಿ ಮನುಷ್ಯರಿಬ್ಬರು ತೆರೆಯ ಮೇಲೆ ನಿಂತರು. ಅಂಗಡಿಯಲ್ಲಿ ಒಬ್ಬನೇ ಇದ್ದೆ. ಆದರೂ “ಭಲೇ” ಅಂದೆ.

ಯಂತ್ರವನ್ನೂ ಟಿ.ವಿ.ಯನ್ನೂ ನಾನೇ ರೋಣಕ್ಕೆ ಒಯ್ದೆ. ಮಲ್ಲಪ್ಪನವರು ಗೋಡೆಗೆ ಒರಗಿ ಕೂತಿದ್ದರು, ಮಾತು ತೊದಲು. ಜಾಯ್‌ಸ್ಟಿಕ್ ಕಂಡದ್ದೇ ಎಡಗೈ ಚಾಚಿ ತೆಗೆದುಕೊಂಡರು. ಅವರ ಹೆಂಡತಿ ಶಾಂತವ್ವ ಬಲಗೈಯನ್ನು ಎತ್ತಿ ಕೋಲಿನ ಮೇಲೆ ಇಟ್ಟರು. ಅದು ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು. ಆಮೇಲೆ ಹೇಗೋ ನಿಂತಿತು. ಆಟ ಶುರುವಾಯಿತು.

ಈರಪ್ಪನವರು ತಮ್ಮ ಆಟಗಾರನನ್ನು ಮೂಲೆಯಲ್ಲಿ ನಿಲ್ಲಿಸಿ, ಅಣ್ಣನಿಗೆ ದಾರಿ ಬಿಟ್ಟರು. ಮಲ್ಲಪ್ಪನವರ ಚೆಂಡು ಬುಟ್ಟಿಗೆ ಬಿತ್ತು. ಶಾಂತವ್ವ ಹಿಗ್ಗಿದರು. ಮಲ್ಲಪ್ಪನವರು ಮಾತ್ರ ಜಾಯ್‌ಸ್ಟಿಕ್ ಕೆಳಗಿಟ್ಟುಬಿಟ್ಟರು.

“ಸುಳ್ಳ... ಆಡಬ್ಯಾಡ,” ಅಂದರು.

ಈರಪ್ಪನವರು ಕಣ್ಣು ಒರೆಸಿಕೊಂಡು, ಅಂಗಿಯ ತೋಳು ಮೇಲಕ್ಕೇರಿಸಿ ನೆಟ್ಟಗೆ ಕೂತರು. ಆಮೇಲೆ ಆಡಿದ್ದು ಖರೇ ಆಟ. ಅಣ್ಣನನ್ನು ಚೆನ್ನಾಗಿ ಸೋಲಿಸಿದರು. ಮಲ್ಲಪ್ಪನವರು ಸೊಟ್ಟ ಬಾಯಲ್ಲಿ ನಕ್ಕು, ಮತ್ತೊಂದಾಟ ಎಂದು ಗೋಣು ಹಾಕಿದರು. ಈ ಸಲ ಬಲಗೈಯನ್ನು ಹೆಂಡತಿ ಎತ್ತಿಡಲಿಲ್ಲ. ತೊಡೆಯ ಮೇಲಿಂದ ಅದು ತಾನಾಗಿ ಕೋಲಿನತ್ತ ಒಂದಿಷ್ಟು ಸರಿಯಿತು.

ಹೊರಡುವಾಗ ಕಟ್ಟುನಿಟ್ಟಾಗಿ ಹೇಳಿದೆ: ಕುಂಕುಮ ಬೇಡ, ವಿಭೂತಿ ಬೇಡ, ಕಾಯಿಯ ನೀರಂತೂ ಹತ್ತಿರ ಸುಳಿಯಕೂಡದು. ದೂರದಿಂದ ಕೈ ಮುಗಿಯಿರಿ, ಸಾಕು. ಎಲ್ಲರೂ ಹ್ಞೂಂ ಅಂದರು.

ಮರುವರ್ಷ ಖಂಡೆ ಪೂಜೆಗೆ ಕರೆ ಬಂತು, ಹೋದೆ. ತಕ್ಕಡಿಯ ಪಕ್ಕದಲ್ಲಿ ಯಂತ್ರ ಇತ್ತು. ನನ್ನ ಮಾತಿಗೆ ಹೆದರಿ ಸೀಳಿನ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದಿದ್ದರು. ಮಲ್ಲಪ್ಪನವರು ಮಣೆಯ ಮೇಲೆ ಕೂತಿದ್ದರು. ತಕ್ಕಡಿಗೆ ತಮ್ಮನ ಕೈಯಿಂದ ಪೂಜೆ ಮಾಡಿಸಿದರು, ಕಲ್ಲುಗಳಿಗೂ ಅಷ್ಟೇ. ಯಂತ್ರದ ಸರದಿ ಬಂದಾಗ ತಮ್ಮನನ್ನು ತಡೆದರು. ವಿಭೂತಿಯ ಬಟ್ಟಲಿಗೆ ತಮ್ಮ ಬಲಗೈಯನ್ನೇ ಇಳಿಸಿದರು. ಮೂರು ಬೆರಳು ಬಿಡಿಸಲು ಬಹಳ ಹೊತ್ತು ಹಿಡಿಯಿತು. ಬಿಡಿಸಿದರು. ಯಂತ್ರದ ಮೇಲೆ ಎಳೆದರು, ಗೆರೆಗಳು ಸೊಟ್ಟಗೆ ಬಂದವು.

ಈರಪ್ಪನವರು ಹೆದರಿ ನನ್ನ ಮುಖ ನೋಡಿದರು. ಇರಲಿ ಎಂದು ಗೋಣು ಹಾಕಿದೆ.

ಆಟದಿಂದಲೇ ಕೈ ಬಂತು ಎಂದು ನಾನು ಹೇಳುವುದಿಲ್ಲ. ಆಟ ಶುರುವಾದ ಮೇಲೆ ಗದಗಿನ ದವಾಖಾನೆಯವರು ಹೇಳಿಕೊಟ್ಟ ವ್ಯಾಯಾಮಕ್ಕೂ ಮಲ್ಲಪ್ಪನವರು ಒಪ್ಪಿದ್ದರು, ಅದೂ ಜೊತೆಗೇ ನಡೆದಿತ್ತು. ಈ ಕಸುಬಿನಲ್ಲಿ ಜನ್ಮವೆಲ್ಲ ನಾನು ಗಿರಾಕಿಗಳಿಗೆ ಹಾಗೆ ಮಾಡಬೇಡಿ, ಹೀಗೆ ಮಾಡಬೇಡಿ ಎಂದು ಹೇಳುತ್ತ ಬಂದವನು. ಯಂತ್ರ ಇರುವುದು ಮನುಷ್ಯನ ಸಲುವಾಗಿ ಎಂದು ಅವತ್ತು ಮಣೆಯ ಪಕ್ಕ ಕೂತಾಗ ಮನಸ್ಸಿಗೆ ಬಂತು. ಊಟವಾದ ಮೇಲೆ ಚೀಲದಿಂದ ಬ್ರಷ್ ತೆಗೆದು ಸೀಳಿನ ಅಂಚಿನ ವಿಭೂತಿ ಒರೆಸಿದೆ. ಗೆರೆಗಳನ್ನು ಮುಟ್ಟಲಿಲ್ಲ.