ಹರಿಣಾಕ್ಷಿಯ ಹಗ್ಗದ ಮಕ್ಕಳು

ಬೆಳಕು ಹರಿಯುವ ಹೊತ್ತು. ಕುಂಜತ್ತೂರಿನ ಶಾಲೆಯ ಹಿಂದಿನ ಮೈದಾನದಲ್ಲಿ ಎಂಟು ಹುಡುಗಿಯರು ಬರಿಗಾಲನ್ನು ಮಣ್ಣಿಗೆ ಊರಿ ಹಗ್ಗ ಎಳೆಯುತ್ತಿದ್ದಾರೆ. ಹಗ್ಗದ ಇನ್ನೊಂದು ತುದಿ ಗೋಳಿಮರದ ಬುಡಕ್ಕೆ ಬಿಗಿದಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಹೆಂಗಸೊಬ್ಬರು ಸಾಲಿನುದ್ದಕ್ಕೂ ನಡೆಯುತ್ತ ಬೆನ್ನು ತಟ್ಟುತ್ತಿದ್ದಾರೆ. "ಕೈಯಲ್ಲಿ ಎಳೀಬೇಡಿ ಮಕ್ಕಳೇ, ಕಾಲಲ್ಲಿ ಎಳೀರಿ!"

ಇವರು ಹರಿಣಾಕ್ಷಿ, ಇದೇ ಶಾಲೆಯ ಅಡುಗೆಯವರು. ಇನ್ನು ಸ್ವಲ್ಪ ಹೊತ್ತಿಗೆ ಒಲೆ ಹೊತ್ತಿಸಬೇಕು. ಮಧ್ಯಾಹ್ನ ಇನ್ನೂರು ಮಕ್ಕಳಿಗೆ ಅನ್ನ ಬಡಿಸಬೇಕು. ಹಗ್ಗ ಹಿಡಿದವರೆಲ್ಲ ಸೈನಿಕರ ಮಕ್ಕಳು.

ಹರಿಣಾಕ್ಷಿಯ ಗಂಡನೂ ಸೇನೆಯಲ್ಲಿದ್ದವರು. ಜ್ವರ ಬಂದ ಮಗಳು ಅಪ್ಪನನ್ನು ಕರೆದು ಅಳುವಾಗ ಇವರು ಒಬ್ಬರೇ ಕೂತು ಸಂತೈಸಿದ್ದಾರೆ. "ಊರಿನವರು ಬರ್ಲಿಲ್ಲ ಅಂತ ಅಲ್ಲ, ನಾನೇ ಯಾರಿಗೂ ಹೇಳ್ಲಿಲ್ಲ. ಸೈನಿಕನ ಹೆಂಡತಿ ಗಟ್ಟಿ ಇರ್ಬೇಕು ಅಂತ ಒಂದು ಉಂಟಲ್ಲ? ಅದಕ್ಕೇ ಈಗ ಸೈನಿಕರ ಮನೆಗೆ ಕರೆಯದಿದ್ರೂ ಹೋಗ್ತೇನೆ."

ಹಾಗೆ ಕರೆಯದೆ ಹೋದ ಮನೆ ಚೆನ್ನಪ್ಪನವರದು. 2016ರಲ್ಲಿ ಗಡಿಯಲ್ಲಿ ನೆಲಬಾಂಬು ಸಿಡಿದು ಬಲಗಾಲು ಕಳೆದುಕೊಂಡ ಅವರು, ಊರಿಗೆ ಮರಳಿದ ಮೇಲೆ ಕೋಣೆ ಬಿಟ್ಟು ಹೊರಬರಲಿಲ್ಲ. ಅಪ್ಪನನ್ನು ಬಿಟ್ಟುಹೋಗಲು ಹೆದರಿ ಮಗಳು ತೃಪ್ತಿ ಶಾಲೆಯನ್ನೇ ಬಿಟ್ಟಳು. ಬಂದವರೆಲ್ಲ ಹುಡುಗಿಗೆ ಬುದ್ಧಿ ಹೇಳಿ ಹೋದರು. ಹರಿಣಾಕ್ಷಿ ಮಾತಾಡಿದ್ದು ಅಪ್ಪನೊಡನೆ.

"ರೆಜಿಮೆಂಟಿನಲ್ಲಿ ಹಗ್ಗ ಎಳೆದವರಂತೆ ನೀವು. ನಮ್ಮ ಮಕ್ಕಳಿಗೆ ಕಲಿಸಿಕೊಡಿ."

"ಕಾಲಿಲ್ಲದವ ಎಂತ ಕಲಿಸ್ಲಿಕ್ಕೆ ಉಂಟು?"

"ಸ್ವರ ಉಂಟಲ್ಲ ಮಾರಾಯ್ರೇ!"

ಕೆಲವು ದಿನ ಕಳೆದು, ಒಂದು ಬೆಳಗ್ಗೆ ಊರಿನ ಕುಂಞ ಓಡಿಸುವ ರಿಕ್ಷಾ ಮೈದಾನದ ಬದಿಯಲ್ಲಿ ನಿಂತಿತು. ಮಗಳ ಹೆಗಲು ಹಿಡಿದು ಚೆನ್ನಪ್ಪ ಇಳಿದರು. ತೃಪ್ತಿ ಅಂದೇ ಶಾಲೆಗೂ ಮರಳಿದಳು. ಈಗ ಊರೇ ಜತೆಗಿದೆ. ಕುಂಞ ದಿನಾ ಅಪ್ಪ-ಮಗಳನ್ನು ಕರೆತರುತ್ತಾರೆ, ಬೆಸ್ತರು ದೋಣಿಯ ಹಗ್ಗ ಕೊಟ್ಟಿದ್ದಾರೆ, ನೆರೆಮನೆಯ ದಮಯಂತಿ ಮಕ್ಕಳಿಗೆ ಗಂಜಿ ಬೇಯಿಸುತ್ತಾರೆ.

ಕಳೆದ ತಿಂಗಳು ಉಪಜಿಲ್ಲಾ ಕ್ರೀಡಾಕೂಟದ ಫೈನಲ್. ಮೊದಲ ಎಳೆತ ಎದುರಾಳಿಗೆ, ಎರಡನೆಯದು ಕುಂಜತ್ತೂರಿಗೆ. ಮೂರನೆಯದರಲ್ಲಿ ಹುಡುಗಿಯರು ಮುಂದಕ್ಕೆ ಜಾರತೊಡಗಿದರು. ಹಗ್ಗದ ಕೊನೆಯನ್ನು ಮೈಗೆ ಸುತ್ತಿಕೊಂಡಿದ್ದ ತೃಪ್ತಿಯ ಮೊಣಕಾಲು ನೆಲ ಮುಟ್ಟುವಂತಾಯಿತು. ಆಗ ಬದಿಯ ಕುರ್ಚಿಯಿಂದ ಚೆನ್ನಪ್ಪನವರ ಗರ್ಜನೆ: "ನಿಲ್ಲು ತೃಪ್ತೀ! ಉಸಿರು ಹಿಡಿ... ಹಾಂ, ಈಗ ಎಳಿ!"

ತೃಪ್ತಿ ನಿಂತಳು. ಎಂಟು ಬೆನ್ನುಗಳು ಒಟ್ಟಿಗೇ ಹಿಂದಕ್ಕೆ ಬಾಗಿದವು. ಎದುರಿನ ಸಾಲು ಗೆರೆ ದಾಟಿ ಮುಗ್ಗರಿಸಿತು. ಮಣ್ಣು ಮೆತ್ತಿದ ಹುಡುಗಿಯರು ಚೆನ್ನಪ್ಪನವರನ್ನು ಕುರ್ಚಿ ಸಮೇತ ಎತ್ತಿದರು. ಹರಿಣಾಕ್ಷಿ ಕುಣಿದ ಕುಣಿತಕ್ಕೆ ಅವರ ಒಂದು ಚಪ್ಪಲಿ ಎಲ್ಲಿ ಹಾರಿತೆಂದು ಇವತ್ತಿಗೂ ಗೊತ್ತಿಲ್ಲ.

"ಇನ್ನು ಜಿಲ್ಲಾ ಮಟ್ಟದ್ದು ಉಂಟು. ಗೆಲ್ಲುವುದು ನಮ್ಮ ಕೆಲಸ, ಅದು ನಾವು ನೋಡಿಕೊಳ್ತೇವೆ," ಅಕ್ಕಿ ತೊಳೆಯುತ್ತ ಹೇಳುತ್ತಾರೆ ಹರಿಣಾಕ್ಷಿ. "ಆ ದಿವಸ ಬಂದು ನೋಡ್ಲಿಕ್ಕೆ ಉಳಿದ ಮಕ್ಕಳ ಅಪ್ಪಂದಿರಿಗೂ ಸೇನೆಯಿಂದ ಒಂದು ರಜೆ ಸಿಗಬೇಕು. ನನಗೆ ಅಷ್ಟೇ ಆಸೆ."