ಮುರಗೆಪ್ಪ ತೊಟ್ಟಿಗಿಳಿದದ್ದು

ಐಗಳಿಯ ಮುರಗೆಪ್ಪನಿಗೆ ಈ ಲೋಕದಲ್ಲಿ ಎರಡೇ ಸಂಗತಿ ಚೆನ್ನಾಗಿ ಗೊತ್ತಿದ್ದವು: ಒಂದು ಒಣದ್ರಾಕ್ಷಿ, ಇನ್ನೊಂದು ತುಪ್ಪ. ಮೂವತ್ತು ವರ್ಷದಿಂದ ದ್ರಾಕ್ಷಿ ಒಣಗಿಸಿದವನು. ಹೋಳಿಗೆ ಮುಳುಗುವಷ್ಟು ತುಪ್ಪ ಸುರಿದುಕೊಳ್ಳದೆ ಒಂದು ಹಬ್ಬವನ್ನೂ ದಾಟಿದವನಲ್ಲ. ಹೀಗಿರುವಾಗ ಅಥಣಿಯ ಡಾಕ್ಟರು ರಕ್ತದ ರಿಪೋರ್ಟಿನಲ್ಲಿ ಕೊಬ್ಬಿನ ಅಂಕಿ ನೋಡಿ, "ಚರಬಿ ಭಾಳ ಆಗೇತ್ರಿ. ಒಂದ್ ತಿಂಗಳ ತುಪ್ಪ ಬಂದ್. ಆಮ್ಯಾಲ ಇಳಿದಿದ್ರ ಚೂರ ತಿನ್ನಾಕ ಬಿಡ್ತೀನಿ" ಎಂದುಬಿಟ್ಟರು. ಯುಗಾದಿಗೆ ಸರಿಯಾಗಿ ಒಂದು ತಿಂಗಳಿತ್ತು.

ಹೆಂಡತಿ ರುಕ್ಮವ್ವ ತುಪ್ಪದ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿದಳು. ಕೀಲಿ ಅವಳ ಕೊರಳ ತಾಳಿಯ ಜೊತೆ ಸೇರಿತು.

ನಾಲ್ಕನೆಯ ದಿನ, ಶೆಡ್ಡಿನಲ್ಲಿ ದ್ರಾಕ್ಷಿಯ ಕ್ರೇಟು ಅದ್ದುತ್ತಿದ್ದಾಗ, ಮುರಗೆಪ್ಪನ ಮುಖ ಅರಳಿತು. ಹಣ್ಣಿನ ಸಿಪ್ಪೆಯ ಮೇಲೆ ಬೂದಿಯಂಥ ಮೇಣವಿರುತ್ತದೆ. ಅದು ಹೋಗದೆ ದ್ರಾಕ್ಷಿ ಬೇಗ ಒಣಗುವುದಿಲ್ಲ. ಕ್ಷಾರದ ಪುಡಿ, ಎಣ್ಣೆ ಕಲಸಿದ ತೊಟ್ಟಿಯ ನೀರಿನಲ್ಲಿ ಎರಡು ನಿಮಿಷ ಅದ್ದಿದರೆ ಆ ಜಿಡ್ಡು ಬಿಡುತ್ತದೆ. ದ್ರಾಕ್ಷಿಯ ಜಿಡ್ಡು ಬಿಡಿಸುವ ನೀರು ಮನುಷ್ಯನದ್ದನ್ನು ಬಿಡಿಸದೇ? ಅಷ್ಟೆಲ್ಲ ಓದಿದ ಡಾಕ್ಟರಿಗೆ ಇಷ್ಟೂ ಹೊಳೆಯಲಿಲ್ಲವಲ್ಲ ಎಂದು ಮರುಕಪಟ್ಟ. ಎಂಬತ್ತೆಂಟು ಕಿಲೋದ ತನಗೆ ಎರಡು ನಿಮಿಷ ಎಲ್ಲಿ ಸಾಕಾದೀತು? ಆಳುಗಳು ಊಟಕ್ಕೆ ಹೋದೊಡನೆ ಅರ್ಧ ತಾಸು ಕುತ್ತಿಗೆತನಕ ತೊಟ್ಟಿಯಲ್ಲಿ ಕೂತ. ಯಾವ ಕೆಲಸವನ್ನೂ ಅರೆಬರೆ ಬಿಡುವ ಮನುಷ್ಯನಲ್ಲ. ಆಮೇಲೆ ಹಣ್ಣು ಒಣಹಾಕುವ ಬಲೆಯ ರ‍್ಯಾಕು ಹತ್ತಿ ದ್ರಾಕ್ಷಿಗಳ ಪಕ್ಕ ಅಂಗಾತ ಮಲಗಿದ.

ರುಕ್ಮವ್ವ ಬಂದು ನೋಡುವಾಗ ಮೈಯೆಲ್ಲ ಬಿಳಿಚಿ ಸುಕ್ಕುಗಟ್ಟಿತ್ತು.

"ಅಯ್ಯ ಶಿವನೇ, ಇದೇನ್ ಮಾಡ್ಕೊಂಡ್ರಿ!"

"ಚರಬಿ ತಗ್ಯಾಕತ್ತೇನಿ. ಮುಟ್ಟಬ್ಯಾಡ, ಇನ್ನೂ ಒಣಗಿಲ್ಲ."

ಪಿಯುಸಿಯಲ್ಲಿ ವಿಜ್ಞಾನ ಓದುವ ಮೊಮ್ಮಗಳು ಸ್ನೇಹಲ ಓಡಿ ಬಂದು, ಅಜ್ಜನನ್ನು ಇಳಿಸಿ, ಕೊಡಗಟ್ಟಲೆ ನೀರು ಹೊಯ್ದಳು. "ಅಜ್ಜಾ, ಮೇಣ ಅಂದ್ರ ದ್ರಾಕ್ಷಿ ಕಾವಲುಗಾರ. ಒಳಗಿನ ನೀರ ಹೊರಗ ಬಿಡೂದಿಲ್ಲ. ನಿನ್ನ ತೊಗಲಿಗೂ ಅಂಥಾದ್ದೊಂದ ಜಿಡ್ಡ ಐತಿ, ಅದನ್ನ ತೊಳಕೊಂಡಿ. ಡಾಕ್ಟರ್ ಹೇಳಿದ್ದು ರಕ್ತದಾಗಿನ ಚರಬಿ, ಅದು ಬ್ಯಾರೆ ಜಾತಿ."

"ಹಂಗಾರ ಎಲ್ಲಾ ಚರಬಿ ಕೆಟ್ಟದ್ದಲ್ಲ?"

"ಜೀವಕೋಶದ ಸುತ್ತಿನ ಪೊರಿ ಕಟ್ಟಿದ್ದ ಚರಬಿಲೇನ. ಕೊಲೆಸ್ಟ್ರಾಲ್ ಇಲ್ಲದ ಎಷ್ಟೋ ಹಾರ್ಮೋನ್ ಹುಟ್ಟೂದಿಲ್ಲ. ನೀರ ಬಿಟ್ರ ಮೆದುಳಾಗ ಅರ್ಧಕ್ಕಿಂತ ಹೆಚ್ಚ ಚರಬಿನ. ಅತಿ ಆದದ್ದಷ್ಟ ಇಳೀಬೇಕು."

ಮುರಗೆಪ್ಪ ಗಾಬರಿಯಿಂದ ತಲೆ ಮುಟ್ಟಿಕೊಂಡ. ಪುಣ್ಯಕ್ಕೆ ತಲೆಯನ್ನು ಅದ್ದಿರಲಿಲ್ಲ. ರುಕ್ಮವ್ವನಿಗೆ ಮಾತ್ರ ತಲೆಯನ್ನೂ ಅದ್ದಿರಬೇಕೆಂಬ ಅನುಮಾನ ಹೋಗಲಿಲ್ಲ.

ಅಷ್ಟರಲ್ಲಿ ತೊಗಲು ಉರಿಯತೊಡಗಿತು. ರುಕ್ಮವ್ವ ಟ್ರಂಕಿನ ಬೀಗ ತೆಗೆದು, ಹಬ್ಬದ ತುಪ್ಪವನ್ನೆಲ್ಲ ಬೊಗಸೆಯಿಂದ ಬಗೆದು ಅವನ ಬೆನ್ನು, ತೋಳಿಗೆ ಬಳಿದಳು. ಘಮ ತಡೆಯಲಾರದೆ ಅವನ ನಾಲಿಗೆ ಮೊಣಕೈ ಕಡೆ ಹೊರಟಿತು. ಅವಳು ಕೈಮೇಲೆ ಫಟ್ಟನೆ ಹೊಡೆದಳು.

"ನೆಕ್ಕಿದ್ರ ನೋಡ್ರಿ! ನೀವ ಇಲ್ಲಾಂದ್ರ ಈ ಕೀಲಿ ಯಾರ ಸಲುವಾಗಿ ಕಟ್ಕೊಳ್ಳಲಿ ನಾನು?" ಎಂದು ಅತ್ತೇಬಿಟ್ಟಳು. ಮುರಗೆಪ್ಪನಿಗೆ ಉರಿಗಿಂತ ಅದೇ ಹೆಚ್ಚು ನೋವಾಯಿತು.

ತಿಂಗಳ ಕೊನೆಗೆ ಡಾಕ್ಟರು ಒಂದು ಚಮಚಕ್ಕೆ ಒಪ್ಪಿದರು. ಯುಗಾದಿಯ ದಿನ ರುಕ್ಮವ್ವ ಹೊಸದಾಗಿ ಕಾಸಿದ ತುಪ್ಪವಿಟ್ಟಿದ್ದ ಟ್ರಂಕಿನ ಬೀಗ ತೆಗೆಯಲು ಎದ್ದಳು. ಮುರಗೆಪ್ಪ ತಡೆದ.

"ಇರ್ಲಿ ಬಿಡ ಬೇ. ಕೀಲಿ ನಿನ್ನ ಕೊರಳಾಗ ಇರ್ಲಿ" ಎಂದು ಹೋಳಿಗೆಯನ್ನು ಹಾಲಿನಲ್ಲಿ ಅದ್ದಿದ. ಎರಡೇ ನಿಮಿಷ, ಹೆಚ್ಚಿಲ್ಲ.